ಒತ್ತಿದರೂ ಕೂರದ ತೋಟೆ

ಬೆಂಕಿ ಬೆಟ್ಟ ದಾಟಿ ಹೋಗಿದ್ದರೂ ಹಿಂದಿನ ಹುಲ್ಲುಗಾವಲಿನ ಬೇಲಿಗೂಟಗಳು ಇನ್ನೂ ಹೊಗೆಯಾಡುತ್ತಿದ್ದವು. ಮೆರಿನ್ ಕೆಸೆಲ್ ಪಿಕಪ್ ನಿಲ್ಲಿಸಿ, ಗಂಡನ ರೈಫಲನ್ನು ತೊಡೆಯ ಮೇಲಿಟ್ಟುಕೊಂಡು, ಇಳಿಯದೆ ಹಾಗೇ ಕೂತಳು. ದನಗಳು ತೊರೆಯ ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ದೂರದಿಂದ ನೋಡಿದರೆ ಅವಕ್ಕೆ ಏನೂ ಆಗಿಲ್ಲವೇನೋ ಅನ್ನಿಸಬೇಕು. ನಡೆಯಲಾರದೆ ನಿಂತಿವೆ ಅನ್ನುವುದು ಹತ್ತಿರ ಹೋದವರಿಗಷ್ಟೇ ಗೊತ್ತಾಗುತ್ತಿತ್ತು. ಗೊರಸುಗಳು ಸುಟ್ಟು ಬಾಯಿಬಿಟ್ಟಿದ್ದವು, ಕೆಚ್ಚಲುಗಳು ಕರಕಲಾಗಿದ್ದವು.

ಪಶುವೈದ್ಯೆ ಬೆಳಗ್ಗೆ ವೈರ್‌ಲೆಸ್ ರೇಡಿಯೋದಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ರಸ್ತೆಯ ತುಂಬ ಮರ ಬಿದ್ದಿದೆ, ತಾನು ಬಂದು ಮುಟ್ಟುವಷ್ಟರಲ್ಲಿ ಅವು ನರಳಿ ನರಳಿ ಸಾಯುತ್ತವೆ, ಮನೆಯವರೇ ಗುಂಡಿಕ್ಕಿ ಮುಗಿಸಬೇಕು.

ಮನೆಯಲ್ಲಿ ಅಂಥ ಕೆಲಸ ಗಂಡ ಬ್ರೆಂಟ್‌ನದು. ಅವನು ಈಗ ಕ್ಯಾನ್‌ಬೆರಾದ ಆಸ್ಪತ್ರೆಯಲ್ಲಿದ್ದ. ದನಗಳನ್ನು ಹೊರಗೆ ಬಿಡಬೇಕೆಂದು ಕಾದ ಕಬ್ಬಿಣದ ಗೇಟನ್ನು ಬರಿಗೈಯಲ್ಲಿ ಹಿಡಿದೆಳೆದಿದ್ದ. ಗೇಟು ತೆರೆಯಲಿಲ್ಲ, ಕೈಗಳೆರಡೂ ಸುಟ್ಟುಹೋದವು. ಹೆಲಿಕಾಪ್ಟರ್ ಬಂದು ಕರೆದುಕೊಂಡು ಹೋಗಿತ್ತು.

"ಇಳೀತೀಯೋ, ಇಲ್ಲ ನಾನೇ ಹೋಗ್ಲೋ?" ಪಕ್ಕದಲ್ಲಿದ್ದ ಡಲ್ಸಿ ಪ್ರಯರ್ ಕೇಳಿದಳು. ತೊರೆಯಾಚೆಯ ನೆರೆಯವಳು, ಎಪ್ಪತ್ತು ದಾಟಿದ ವಿಧವೆ. ಅವಳ ಮನೆ ನೆಲಸಮವಾಗಿತ್ತು. ಉಟ್ಟ ಬಟ್ಟೆಯಲ್ಲಿ ಬಂದವಳು ಈಗ ಮೆರಿನ್‌ಳ ಸ್ವೆಟರ್ ತೊಟ್ಟುಕೊಂಡಿದ್ದಳು.

"ನಿಮ್ಮ ಕಣ್ಣಿಗೆ ಗೂಟ ಯಾವುದು, ದನ ಯಾವುದು ಗೊತ್ತಾಗುತ್ತಾ ಡಲ್ಸಿ?"

"ಗೊತ್ತಾಗಲ್ಲ. ಅದಕ್ಕೇ ನಿನ್ನ ಕರೀತಿರೋದು. ಇಳಿ."

ಮೊದಲ ಗುಂಡಿಗೆ ಒಂದು ಹಸು ಸದ್ದಿಲ್ಲದೆ ಕುಸಿಯಿತು. ಮೆರಿನ್ ರೈಫಲಿನ ಬೋಲ್ಟ್ ಎಳೆದು ಇನ್ನೊಂದು ತೋಟೆ ಒಳಗೆ ತಳ್ಳಿದಳು. ಎರಡನೆಯದು ಗುಂಪಿನ ಹಿರಿಯ ಹಸು. ಬೇಸಿಗೆಯಲ್ಲಿ ಗೇಟಿನ ಬಳಿ ಬಂದು ಎಲ್ಲಕ್ಕಿಂತ ಮೊದಲು ಕೂಗುತ್ತಿದ್ದುದು ಅದೇ. ಈ ಸಲ ತೋಟೆ ಪೂರ್ತಿ ಕೂರದೆ ಬೋಲ್ಟಿನ ಹಿಡಿ ಅರ್ಧ ಮಡಚಿ ನಿಂತುಬಿಟ್ಟಿತು. ತೋಟೆ ತೆಗೆದು ಬೇರೊಂದು ಹಾಕಿದಳು. ಅದೂ ಅಷ್ಟೇ. ಇನ್ನೊಂದು. ಹಸು ತಲೆಯೆತ್ತಿ ಅವಳನ್ನೇ ನೋಡುತ್ತಿತ್ತು.

"ಬಲ ಹಾಕ್ಬೇಡ," ಎಂದಳು ಡಲ್ಸಿ.

ಆದರೆ ಮೆರಿನ್ ಆಗಲೇ ಅಂಗೈಯಿಂದ ಹೊಡೆದಿದ್ದಳು. ಬೋಲ್ಟ್ ಅಲ್ಲೇ ಕಚ್ಚಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವಳು ಹಸುವಿನ ಕಡೆ ತಿರುಗಿದಳು. "ಅದು ಕಾಯ್ತಾ ಇದೆ ಡಲ್ಸಿ... ನನ್ನನ್ನೇ ನೋಡ್ತಾ ಕಾಯ್ತಾ ಇದೆ."

"ಗೊತ್ತು. ಆ ಕಡೆ ನೋಡ್ಬೇಡ. ನಳಿಗೆ ನೆಲಕ್ಕೆ ಹಿಡಿ. ಬಾ, ಗಾಡಿ ಹತ್ತಿರ ಬಾ."

ನಳಿಗೆಯನ್ನು ಮಣ್ಣದಿಬ್ಬದ ಕಡೆ ತಿರುಗಿಸಿ ಹಿಡಿದರು. ಮರದ ತುಂಡಿನಿಂದ ಬೋಲ್ಟಿನ ಹಿಡಿಯನ್ನು ಮೆಲ್ಲಗೆ ತಟ್ಟಿ ತಟ್ಟಿ ಡಲ್ಸಿ ತೋಟೆಯನ್ನು ಹೊರತೆಗೆದಳು. ಬೇರೆ ಬಂದೂಕು ಇರಲಿಲ್ಲ. ಡಲ್ಸಿಯ ಗಂಡ ಲಾಯ್ಡ್ ಬಿಟ್ಟುಹೋಗಿದ್ದ ರೈಫಲು ಮನೆಯ ಜೊತೆಗೇ ಸುಟ್ಟಿತ್ತು. ಪೇಟೆಗೆ ದಾರಿಯಿರಲಿಲ್ಲ.

ಫೋನು ಸಿಗುತ್ತಿದ್ದುದು ಗುಡ್ಡದ ನೆತ್ತಿಯಲ್ಲಿ ಮಾತ್ರ. ಅಲ್ಲಿಗೆ ಗಾಡಿ ಹತ್ತಿಸಿದರು. ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ಫೋನನ್ನು ಬ್ರೆಂಟ್‌ನ ಕಿವಿಗೆ ಹಿಡಿದಳು.

"ಏನಾಯ್ತು?" ಅವನ ದನಿ ಔಷಧದಿಂದ ಭಾರವಾಗಿತ್ತು.

"ನೀನು ತುಂಬಿಟ್ಟ ತೋಟೆ ಕೂರ್ತಾ ಇಲ್ಲ ಕಣೋ. ಒಂದು ಹೋಯ್ತು. ಆಮೇಲಿನ ಒಂದೂ ಇಲ್ಲ."

ಈಗ ಅವನ ದನಿಯಲ್ಲಿ ಮಂಪರಿರಲಿಲ್ಲ. "ಇನ್ನೊಂದೂ ತುರುಕ್ಬೇಡ. ಶೆಡ್ಡಿಗೆ ಹೋಗು. ಮೊದಲು ಬೋಲ್ಟ್ ಬಿಚ್ಚಿ ಒಳಗಿನ ಸೂಜಿ ತೆಗೆದಿಡು. ಆಗ ತೋಟೆ ಹಾಕಿ ನೋಡಿದ್ರೂ ಸಿಡಿಯೋ ಭಯ ಇಲ್ಲ. ಆಮೇಲೆ ಕೂರದೇ ಇರೋ ಒಂದನ್ನ ಮೇಣದಬತ್ತಿ ಮಸಿಯಿಂದ ಪೂರ್ತಿ ಕಪ್ಪು ಮಾಡು."

"ಮದ್ದು ತುಂಬಿರೋದನ್ನ ಬತ್ತಿಗೆ ಹಿಡೀಲಾ? ತಲೆ ನೆಟ್ಟಗಿದೆಯಾ ನಿನಗೆ?"

"ಅಯ್ಯೋ, ಬತ್ತಿಗೆ ಹಿಡೀಬೇಡ ಮಾರಾಯ್ತಿ! ತಗಡಿನ ಮೇಲೆ ಮಸಿ ಹಿಡಿದು ಬೆರಳಲ್ಲಿ ಬಳಿ."

"ಮಸಿಗೇನು ಬರ," ಎಂದು ಪಕ್ಕದಿಂದ ಡಲ್ಸಿ ಗೊಣಗಿದಳು. "ಬೇಲಿಗೂಟಕ್ಕೆ ಉಜ್ಜಿದ್ರಾಯ್ತು."

"ಬಳಿದು ಮೆಲ್ಲಗೆ ಒಳಗೆ ಬಿಡು, ತಡೆಯೋವರೆಗೆ ಮಾತ್ರ. ತೆಗೆದು ನೋಡು. ಎಲ್ಲಿ ಉಜ್ಜಿ ಹೊಳೀತಿದೆಯೋ ಅಲ್ಲೇ ತಪ್ಪು. ಗುಂಡಿನ ಮೇಲಿದ್ರೆ ಒಂದು ಕಾರಣ, ಗುಂಡು ಕೂರೋ ಕೊರಳ ತುದೀಲಿದ್ರೆ ಇನ್ನೊಂದು, ಅದರ ಕೆಳಗಿನ ಹೆಗಲ ಮೇಲಿದ್ರೆ ಮತ್ತೊಂದು. ನೋಡ್ಕೊಂಡು ಬಂದು ಹೇಳು."

ಶೆಡ್ಡಿಗೆ ಬೆಂಕಿ ತಾಗಿರಲಿಲ್ಲ. ಬ್ರೆಂಟ್‌ನ ಮೇಜಿನ ಮೇಲೆ ಒತ್ತುಯಂತ್ರ, ತಕ್ಕಡಿ, ಅಚ್ಚುಗಳ ಪೆಟ್ಟಿಗೆ ಎಲ್ಲವೂ ಅವನು ಬಿಟ್ಟ ಜಾಗದಲ್ಲೇ ಇದ್ದವು. ಚಳಿಗಾಲದ ಸಂಜೆಗಳಲ್ಲಿ ಅವನು ಇಲ್ಲಿ ಕೂತು ಹಾರಿಸಿ ಉಳಿದ ಖಾಲಿ ಹಿತ್ತಾಳೆ ಕೊಳವೆಗೆ ಕಿಡಿ ಹಚ್ಚುವ ಹೊಸ ಕೇಪು, ಮದ್ದು, ಗುಂಡು ಕೂರಿಸುವಾಗ ಮೆರಿನ್ ಚಹಾ ತಂದಿಟ್ಟು ಹೋಗುತ್ತಿದ್ದಳೇ ಹೊರತು ಕೂತು ನೋಡಿದವಳಲ್ಲ. ಈಗ ಮಸಿ ಬಳಿದ ತೋಟೆಯನ್ನು ಒಳಗೆ ಬಿಟ್ಟು, ಬೋಲ್ಟ್ ತಡೆದಲ್ಲಿಗೆ ನಿಲ್ಲಿಸಿ, ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಗುಂಡು ಕಪ್ಪಗಿತ್ತು, ಕೊರಳೂ ಕಪ್ಪಗಿತ್ತು. ಕೊರಳಿಂದ ಕೆಳಗೆ ಮೈ ಅಗಲವಾಗುವ ಇಳಿಜಾರಿನಲ್ಲಿ ಮಾತ್ರ ಉಂಗುರದ ಹಾಗೆ ಹಿತ್ತಾಳೆ ಹೊಳೆಯುತ್ತಿತ್ತು.

"ಹೆಗಲು," ಎಂದಳು ಮೆರಿನ್.

ಮತ್ತೆ ಗುಡ್ಡ ಹತ್ತಿದರು. ವಿಷಯ ಕೇಳಿ ಬ್ರೆಂಟ್ ತನ್ನಷ್ಟಕ್ಕೇ ಅನ್ನುವ ಹಾಗೆ ಹೇಳಿದ: "ಆಗೋಕೆ ಸಾಧ್ಯವೇ ಇಲ್ಲ. ನನ್ನ ಬಂದೂಕಲ್ಲಿ ಹಾರಿಸಿದ ಹಿತ್ತಾಳೆ ನನ್ನ ಬಂದೂಕಿನ ಅಳತೆಗೇ ಉಬ್ಬಿರುತ್ತೆ. ಅದಕ್ಕೇ ನಾನು ಕೊರಳು ಮಾತ್ರ ಒತ್ತೋದು. ಮೈ ಮುಟ್ಟೋದೇ ಇಲ್ಲ. ಬೇರೆಯವರ ಬಂದೂಕಿಂದು ಸೇರಿದ್ರೆ ಮಾತ್ರ..."

"ಬ್ರೆಂಟ್," ಡಲ್ಸಿ ಬಾಗಿ ಫೋನಿನ ಹತ್ತಿರ ಬಂದಳು. "ಅದು ನಂದು ಕಣಪ್ಪ."

"ಏನು ನಿಮ್ಮದು?"

"ಹಿತ್ತಾಳೆ. ಲಾಯ್ಡ್ ಹಾರಿಸಿದ್ದೆಲ್ಲ ಬಕೆಟ್ಟಲ್ಲಿ ಬಿದ್ದಿತ್ತಲ್ಲ, ಮೊನ್ನೆ ಕ್ರಿಸ್ಮಸ್‌ಗೆ ಪುಡಿಂಗ್ ಜೊತೆ ತಂದೆ. ನೀನು ಮನೇಲಿರಲಿಲ್ಲ. ನಿನ್ನ ಡಬ್ಬಿ ಖಾಲಿ ಖಾಲಿ ಕಾಣ್ತು, ಅದಕ್ಕೇ ಸುರಿದೆ. ನಿನಗೆ ಅನುಕೂಲ ಆಗ್ಲಿ ಅಂತ."

ಡಲ್ಸಿಯ ಬಾಯಿ ಸಣ್ಣಗೆ ನಡುಗುತ್ತಿತ್ತು. ಇಷ್ಟು ವರ್ಷಗಳಲ್ಲಿ, ಮನೆಯ ಬೂದಿಯ ಮುಂದೆ ನಿಂತಾಗಲೂ, ಮೆರಿನ್ ಅದನ್ನು ಕಂಡಿರಲಿಲ್ಲ.

"ನೋಡ್ದೇ ತುಂಬಿದೋನು ನಾನು ಡಲ್ಸಿ," ಎಂದ ಬ್ರೆಂಟ್. "ಒಂದೊಂದನ್ನೂ ಬಂದೂಕಲ್ಲಿ ಕೂರಿಸಿ ನೋಡಿ ಆಮೇಲೆ ಡಬ್ಬಿಗೆ ಹಾಕ್ಬೇಕು. ಬೆಂಕಿ ಬರುತ್ತೆ ಅಂತ ಹೇಳ್ತಿದ್ರಲ್ಲ, ಆತುರ ಮಾಡ್ದೆ. ಮೆರಿನ್, ಕೇಳಿಸ್ಕೋ. ಸೂಜಿ ಇಲ್ಲದ ಬೋಲ್ಟಲ್ಲೇ ಎಲ್ಲವನ್ನೂ ಕೂರಿಸಿ ನೋಡು. ಸಲೀಸಾಗಿ ಹೋದವು ಒಂದು ಕಡೆ, ತಡೆದವು ಒಂದು ಕಡೆ."

"ಹೋದವು ಸಾಲದಿದ್ರೆ?"

"ಆಗ ನೀನು ತುಂಬ್ಬೇಕು. ನಾನು ಹೇಳ್ತೀನಿ, ನೀನು ಮಾಡು."

ಅವನು ಒಂದೊಂದಾಗಿ ಹೇಳಿದ, ಅವಳು ಒಂದೊಂದಾಗಿ ತಿರುಗಿ ಹೇಳಿ ಒಪ್ಪಿಸಿದಳು. ಗುಂಡು ಕಳಚು. ಮದ್ದನ್ನು ಬಟ್ಟಲಿಗೆ ಸುರಿ. ಮೈಯೆಲ್ಲ ಒತ್ತುವ ಅಚ್ಚು ಹಾಕು, ಆದರೆ ಮೊದಲು ಅದರ ನಡುವಿನ ಕಡ್ಡಿ ತೆಗೆ, ಇಲ್ಲದಿದ್ದರೆ ಇನ್ನೂ ಸಿಡಿಯದ ಕೇಪಿಗೆ ಹೊಡೆಯುತ್ತದೆ. ಹಿತ್ತಾಳೆಗೆ ಜಿಡ್ಡು ಸವರಿ ಒತ್ತು, ಆಮೇಲೆ ಒರೆಸು. ಮದ್ದನ್ನು ಪ್ರತಿ ಸಲ ತೂಗಿ ಸುರಿ, ಗುಂಡು ಮತ್ತೆ ಕೂರಿಸು. ಕಡೆಗೆ ನರ್ಸ್ ಸಾಕು ಎಂದಳು. ಅವನು "ತೂಗು, ಕಣ್ಣಳತೇಲಿ ಮಾಡ್ಬೇಡ" ಎನ್ನುತ್ತಿರುವಾಗಲೇ ಫೋನು ದೂರವಾಯಿತು.

ಸಲೀಸಾಗಿ ಕೂತ ತೋಟೆಗಳು ಸಾಲಲಿಲ್ಲ. ಮೆರಿನ್ ಯಂತ್ರದ ಹಿಡಿ ಹಿಡಿದಳು. ಮೊದಲನೆಯ ಹಿತ್ತಾಳೆ ಅಚ್ಚಿನೊಳಗೆ ಹೋಗುವಾಗ ಕೈಗೆ ಬಿಗುವು ತಿಳಿಯಿತು. ಹೊರಬಂದದ್ದನ್ನು ಒರೆಸಿ ಬಂದೂಕಿಗೆ ಹಾಕಿದಳು. ಬೋಲ್ಟ್ ಬೆರಳ ತುದಿಗೇ ಮಡಚಿಕೊಂಡಿತು. ಅವಳು ಮುಂದಿನದಕ್ಕೆ ಕೈ ಚಾಚಿದಳು.

ಡಲ್ಸಿ ಗುಂಡು ಕಳಚಿ ಕೊಡುತ್ತ ಕೂತಿದ್ದಳು. ಕೈ ಮಾತ್ರ ನಿಧಾನವಾಗುತ್ತಿತ್ತು.

"ಲಾಯ್ಡ್‌ನ ಬಂದೂಕು ಉಬ್ಬಿಸಿದ್ದನ್ನ ನಿನ್ನ ಗಂಡನ ಯಂತ್ರ ಒತ್ತಿ ಹಾಕ್ತಿದೆ," ಎಂದಳು. ಕೊಂಕಿನಲ್ಲಿ ಶುರುವಾದ ಮಾತು ಕೊನೆಗೆ ಹಾಗೆ ಉಳಿಯಲಿಲ್ಲ. "ಮನೆ ಹೋಯ್ತು, ಬಂದೂಕೂ ಹೋಯ್ತು. ಅವನ ಕೈಯಿಂದ ಆದದ್ದು ಅಂತ ಉಳಿದಿರೋದು ಇಷ್ಟೇ ನೋಡು."

ಮೆರಿನ್ ಹಿಡಿಯಿಂದ ಕೈ ತೆಗೆದಳು. "ಬೇಡಾಂದ್ರೆ ಇಲ್ಲಿಗೆ ನಿಲ್ಲಿಸ್ತೀನಿ. ಇರೋದ್ರಲ್ಲೇ ಹೇಗೋ..."

"ಹುಚ್ಚಿ. ಅಲ್ಲಿ ದನ ನಿಂತಿವೆ. ಅವನಿದ್ದಿದ್ರೆ ಇಷ್ಟು ಹೊತ್ತಿಗೆ ನಮ್ಮಿಬ್ಬರಿಗೂ ಬೈದಿರ್ತಿದ್ದ. ಒತ್ತು."

ಒತ್ತಿದಳು. ಡಲ್ಸಿ ನೆನಪಿಗೆಂದು ಒಂದನ್ನೂ ತೆಗೆದಿಡಲಿಲ್ಲ.

ಸೂಜಿಯನ್ನು ಬೋಲ್ಟಿಗೆ ಮತ್ತೆ ಕೂರಿಸಿಕೊಂಡು ಹುಲ್ಲುಗಾವಲಿಗೆ ಮರಳುವಾಗ ಬಿಸಿಲು ತಿರುಗಿತ್ತು. ಹಿರಿಯ ಹಸು ನಿಂತಲ್ಲಿ ಇರಲಿಲ್ಲ. ಮೊಣಕಾಲೂರಿ ತೊರೆಯವರೆಗೆ ತೆವಳಿಕೊಂಡು ಹೋಗಿ, ನೀರಿಗೆ ಮೂತಿ ತಾಗಿಸಿ ಮಲಗಿತ್ತು. ಜೀವ ಇತ್ತು. ಮೆರಿನ್ ಮಂಡಿಯೂರಿ ಕೂತು, ಕಿವಿಯ ಕೆಳಗೆ ಒಮ್ಮೆ ಸವರಿದಳು. "ತಡವಾಯ್ತು ಕಣಮ್ಮ," ಎಂದು ಎದ್ದು, ಹಿಂದೆ ಸರಿದು ಗುರಿಯಿಟ್ಟಳು. ಬೋಲ್ಟ್ ತಡೆಯಲಿಲ್ಲ. ಅದಾದಮೇಲೆ ಒಂದೂ ತಡೆಯಲಿಲ್ಲ. ಗುಂಪು ಮುಗಿಯುವವರೆಗೆ ಡಲ್ಸಿ ಅವಳ ಬೆನ್ನ ಹಿಂದೆಯೇ ನಿಂತು ತೋಟೆ ಕೊಡುತ್ತಿದ್ದಳು. ಮುಗಿದ ಮೇಲೆ ಮೆರಿನ್ ಬೇಲಿಯ ಪಕ್ಕ ಬಗ್ಗಿ ವಾಂತಿ ಮಾಡಿಕೊಂಡಳು. ಡಲ್ಸಿ ಅವಳ ಕೂದಲು ಹಿಡಿದುಕೊಂಡಳು.

ಬ್ರೆಂಟ್ ಮನೆಗೆ ಬಂದದ್ದು ಗುಡ್ಡಗಳಲ್ಲಿ ಹಸಿರು ಚಿಗುರುವ ಹೊತ್ತಿಗೆ. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದಿದ್ದವು. ಎಡಗೈ ಮುಷ್ಟಿಯಾಗುತ್ತಿರಲಿಲ್ಲ. ಮೊದಲ ಸಂಜೆಯೇ ವರಾಂಡದಲ್ಲಿ ಕೂತು ಕೇಳಿದ. "ಹಿರೀದು ಎಷ್ಟು ಹೊತ್ತು ಕಾಯ್ತು?"

ಏನಾದರೂ ಒಂದು ಸುಳ್ಳು ಹೇಳಿಬಿಡಬಹುದು ಎಂದು ಮೆರಿನ್‌ಗೆ ಅನ್ನಿಸದೆ ಇರಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಡಲ್ಸಿ ಪಾತ್ರೆ ಸದ್ದು ಮಾಡುತ್ತಿದ್ದಳು. ಈಗ ಅವಳಿಗೂ ಆ ಮನೆಯಲ್ಲೇ ಒಂದು ಕೋಣೆಯಾಗಿತ್ತು.

"ಮಧ್ಯಾಹ್ನ ಇಳಿಯೋವರೆಗೆ," ಎಂದಳು ಮೆರಿನ್. "ನೀರಿನ ತನಕ ತೆವಳಿಕೊಂಡು ಹೋಗಿತ್ತು."

ಬ್ರೆಂಟ್ ಹುಲ್ಲುಗಾವಲಿನ ಕಡೆ ನೋಡಿದ. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿ, ಆಗದೆ, ಮುಖವನ್ನು ತೋಳಿಗೆ ಉಜ್ಜಿಕೊಂಡ.

"ಡಲ್ಸಿಗೆ ಹೇಳಿದ್ದೀಯಾ, ತಪ್ಪು ಅವರದಲ್ಲ ಅಂತ?"

"ನೀನೇ ಹೇಳು. ನಾನು ಹೇಳಿದ್ರೆ ಬೈತಾರೆ."

ಅವನು ಎದ್ದು, ಭುಜದಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋದ.