ಹಿರಿಯಕ್ಕನ ಉತ್ತರ

"ಕೈಬರಹ ಬೇರೆ ಇದೆ ಸರ್," ಎಂದು ನಿರೂಪಕಿ ಪತ್ರವನ್ನು ಮೇಜಿನ ಮೇಲಿಟ್ಟಳು. ಮೂರು ವಾರ ಪೆನ್ಸಿಲಿನಲ್ಲಿ, ಅಕ್ಷರದ ಮೇಲೆ ಅಕ್ಷರ ಬೀಳುವಂತೆ ಪತ್ರ ಬರೆದಿದ್ದ ಹೆಂಗಸಿನ ಹೆಸರಿನಲ್ಲಿ ಈಗ ಬಂದದ್ದು ನೀಲಿ ಶಾಯಿಯ, ಗೀಟೆಳೆದಷ್ಟು ನೇರವಾದ ಸಾಲುಗಳು: 'ಹಿರಿಯಕ್ಕಾ, ನಿಮ್ಮ ಮಾತಿನಂತೆ ಗಂಡನ ಮನೆಗೆ ಮರಳಿದೆ. ಎಲ್ಲ ಸರಿಹೋಗಿದೆ. ಇನ್ನು ಬರೆಯುವುದಿಲ್ಲ.'

ಬಾನುಲಿ ನಿಲಯದ ವ್ಯವಸ್ಥಾಪಕ ನಕ್ಕ. "ಸುಖವಾಗಿರೋರ ಅಕ್ಷರಾನೂ ದುಂಡಗಾಗುತ್ತಮ್ಮ. ಓದು. ನಮ್ಮ ಅಕ್ಕನ ಮಾತು ಸುಳ್ಳಾಗಲ್ಲ ಅಂತ ಊರಿಗೆಲ್ಲ ಗೊತ್ತಾಗ್ಲಿ."

ಪತ್ರಗಳಿಗೆ ಬಾನುಲಿಯಲ್ಲಿ ಉತ್ತರಿಸುವ ಹಿರಿಯಕ್ಕನಿಗೆ, ಕೇಳುಗರು ನಂಬಿದಂತೆ, ಅರವತ್ತು ವರ್ಷ, ತುಂಬಿದ ಸಂಸಾರ, ಏಳು ಮೊಮ್ಮಕ್ಕಳು. ಆ ಹೆಸರಿನಲ್ಲಿ ಮಾತನಾಡುತ್ತಿದ್ದ ನಿರೂಪಕಿಗೆ ಮೂವತ್ತೆರಡು. ಬಾಡಿಗೆಯ ಒಂದು ಕೋಣೆ, ಮದುವೆಯಿಲ್ಲ. ದನಿ ತಗ್ಗಿಸಿ, ನಡುನಡುವೆ ಸಣ್ಣಗೆ ಕೆಮ್ಮಿ ಆಕೆ ಅಜ್ಜಿಯಾಗುತ್ತಿದ್ದಳು. ಉತ್ತರಗಳನ್ನು ವ್ಯವಸ್ಥಾಪಕನೇ ಚೀಟಿಯಲ್ಲಿ ಬರೆದುಕೊಡುತ್ತಿದ್ದ. ಮನೆ ಬಿಟ್ಟು ಬಾ ಎಂದು ಹಿರಿಯಕ್ಕ ಯಾರಿಗೂ ಹೇಳಬಾರದೆಂಬುದು ನಿಲಯದ ಕಟ್ಟಳೆ. ಇದೇ ಹೆಂಗಸು ತವರಿನಿಂದ 'ಹೋದರೆ ಕೊಂದೇ ಬಿಡುತ್ತಾನೆ' ಎಂದು ಬರೆದಾಗಲೂ, 'ತಾಳಿದವನು ಬಾಳಿಯಾನು, ಹೋಗು ಮಗಳೇ' ಎಂಬ ಉತ್ತರವೇ ಪ್ರಸಾರವಾಗಿತ್ತು. ತಾನು ಬಾಳದ ಬಾಳಿನ ಹಿರಿತನವನ್ನು ಎರವಲು ತಂದು ಇನ್ನೊಬ್ಬರ ಪ್ರಾಣದ ಮೇಲೆ ತೀರ್ಪು ಕೊಡುವುದು ಎಂಥ ಅಧರ್ಮವೆಂದು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಪ್ರಸಾರದ ಕೆಂಪು ದೀಪ ಹೊತ್ತಿತು. ಅವಳು ಕೆಮ್ಮಲಿಲ್ಲ.

"ನಾನು ಹಿರಿಯಕ್ಕ ಅಲ್ಲ. ನಂಗೆ ಮೊಮ್ಮಕ್ಕಳೂ ಇಲ್ಲ, ಸಂಸಾರಾನೂ ಇಲ್ಲ. ನಿನ್ನ ವಾಪಸ್ ಹೋಗು ಅಂದಿದ್ದು ತಪ್ಪು ತಂಗಿ. ಕೇಳಿಸ್ತಿದ್ರೆ ಈಗ್ಲೇ ಹೊರಟು ಬಾ. ಆಗ್ದಿದ್ರೆ ಒಂದ್ಸಲ ಫೋನ್ ಮಾಡಿ ಎಲ್ಲಿದ್ದೀಯ ಹೇಳು, ನಾವೇ ಬರ್ತೀವಿ."

ಗಾಜಿನಾಚೆ ವ್ಯವಸ್ಥಾಪಕ ಕೈ ಬೀಸಿದ. ತಂತ್ರಜ್ಞ ಗಡಿಬಿಡಿಯಿಂದ ಹಾಡು ಹಾಕಿದ.

"ಉಂಡ ಮನೆಗೇ ಎರಡು ಬಗೆದೆಯಲ್ಲಮ್ಮ," ಎನ್ನುತ್ತ ವ್ಯವಸ್ಥಾಪಕ ಒಳಗೆ ನುಗ್ಗುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅವಳು ಎತ್ತಿದಳು.

ಗಂಡಸಿನ ದನಿ. ಅದರಲ್ಲಿ ಸಿಟ್ಟಿರಲಿಲ್ಲ. "ಅಕ್ಕಾ ಅಂತಾನೇ ಕರೀಲಾ? ನಿಮ್ಮ ಉಪಕಾರ ಮರೆಯೋ ಹಾಗಿಲ್ಲ. ನಾನು ಕರೆಯೋಕೂ ಹೋಗ್ಲಿಲ್ಲ, ಅವಳಾಗೇ ಬಂದ್ಲು."

"ಫೋನ್ ಅವಳಿಗೆ ಕೊಡಿ."

"ಅವಳೀಗ ರೇಡಿಯೋ ಕೇಳಲ್ಲ ಅಕ್ಕಾ."

ಅವನ ಬೆನ್ನ ಹಿಂದೆ, ನಿಲಯದಿಂದ ಹೊರಡುತ್ತಿದ್ದ ಅದೇ ಹಾಡು ಕೇಳಿಸುತ್ತಿತ್ತು. ಚರಣದ ನಡುವೆ ಅವನು ರೇಡಿಯೋ ಆರಿಸಿದ. ಆಮೇಲೆ ಆ ಮನೆಯೊಳಗಿಂದ ಯಾವ ಸದ್ದೂ ಬರಲಿಲ್ಲ. ಕರೆ ಮಾತ್ರ ಕಡಿದಿರಲಿಲ್ಲ.