ಹತ್ತು ಬೆರಳು ಮಡಿಸುವವರೆಗೆ

ಗಂಡನನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಬೆಳಿಗ್ಗೆ ಹಾಲು ಉಕ್ಕುತ್ತಿದ್ದುದನ್ನು ಅವಳು ನೋಡುತ್ತಲೇ ನಿಂತಿದ್ದಳು. ಕೈ ಮುಂದಕ್ಕೆ ಹೋಗಲಿಲ್ಲ. ಹತ್ತು ವರ್ಷದ ದೊಡ್ಡ ಮಗಳು ಬಂದು ಒಲೆ ಆರಿಸಿದಳು.

ಆರು ವರ್ಷದ ಚಿನ್ನಿ ಅಪ್ಪನ ಕೆಲಸದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದಿನಾ ಎಂಟು ಗಂಟೆಗೆ ಅದನ್ನು ಅಪ್ಪನ ಹೆಗಲಿಗೇರಿಸುವುದು ಅವಳದೇ ಕೆಲಸ. ಚಿನ್ನಿಗೆ ಡೌನ್ ಸಿಂಡ್ರೋಮ್. "ಅಂಥ ಮಕ್ಕಳಿಗೆ ಸಾವುಗೀವು ತಿಳಿಯಲ್ಲ ಕಣೇ, ಸದಾ ನಗ್ತಾನೇ ಇರ್ತವೆ," ಎಂದು ಗಂಡನ ಅಕ್ಕ ಮಗುವನ್ನು ಮೂರು ದಿನ ಪಕ್ಕದ ಮನೆಗೆ ಸಾಗಹಾಕಿದ್ದಳು. ತಾಯಿಯೂ ಹೂಂಗುಟ್ಟಿದ್ದಳು.

"ಅಪ್ಪ ಊರಿಗೆ ಹೋಗಿದ್ದಾರೆ, ಚಿನ್ನಿ," ಎಂದಳು ತಾಯಿ.

"ಸುಳ್ಳು ಹೇಳ್ಬೇಡಮ್ಮ," ಎಂದಳು ದೊಡ್ಡವಳು. "ನಾಳೇನೂ ಹೀಗೇ ನಿಂತಿರ್ತಾಳೆ. ನಾಡಿದ್ದೂ."

ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ಚಿನ್ನಿ, ಅಪ್ಪ ಸತ್ತೋದ್ರು. ಇನ್ನು ಬರಲ್ಲ."

ತಾಯಿ ಬಾಯಿ ತೆರೆದಳು. ದೊಡ್ಡವಳು ಕೈಯೆತ್ತಿ ತಡೆದು, ಒಂದೊಂದಾಗಿ ಬೆರಳು ಮಡಿಸತೊಡಗಿದಳು. ಹತ್ತನೆಯದು ಮಡಿಸುವಾಗ ಚಿನ್ನಿ ಚೀಲ ಕೆಳಗಿಟ್ಟಳು.

"ಬರಲ್ಲ?"

"ಬರಲ್ಲ."

ಚಿನ್ನಿ ಅಕ್ಕನ ಕುತ್ತಿಗೆಗೆ ಬಿದ್ದು ಅತ್ತಳು. ಬಹಳ ಹೊತ್ತು ಅತ್ತಳು.

"ಏನೇ ಅದು, ಬೆರಳು ಮಡಿಸಿದ್ದು?" ಎಂದು ತಾಯಿ ದೊಡ್ಡವಳನ್ನು ಕೇಳಿದಳು.

"ಅವಳಿಗೆ ಮಾತು ಬರೋಕೆ ಹತ್ತರವರೆಗೆ ಎಣಿಸಿ ಕಾಯ್ಬೇಕಮ್ಮ. ಬಂದೋರೆಲ್ಲ ಏಳಕ್ಕೇ ಬಾಯಿ ಹಾಕಿ, ಪಾಪ ಏನೂ ಗೊತ್ತಾಗಲ್ಲ ಅಂದ್ಬಿಡ್ತಾರೆ."

"ನಾನು?"

"ನೀನು ಐದಕ್ಕೇ."

ನಾಲ್ಕು ದಿನದಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ಓದಿ ಪದವಿ ಪಡೆದ ತನಗೆ ಕಾಣದ್ದನ್ನು ಈ ಹುಡುಗಿ ಯಾರೂ ಹೇಳಿಕೊಡದೆಯೇ ಕಂಡುಕೊಂಡಿದ್ದಳಲ್ಲ! ಇಬ್ಬರ ತಲೆಯನ್ನೂ ಎದೆಗೊತ್ತಿಕೊಂಡಳು.

ಕಣ್ಣೊರೆಸಿಕೊಂಡ ಚಿನ್ನಿ ಒಳಗೆ ಹೋಗಿ ಮಂಚದಡಿಯಿಂದ ರಸಮಟ್ಟ ಎಳೆದು ತಂದಳು. ಪುಸ್ತಕ ಇಡಲು ಗೋಡೆಗೆ ಹಲಗೆ ಹೊಡೆಯುವಾಗ ಮಟ್ಟ ನೋಡಲು ಅಪ್ಪ ಬಳಸಿದ್ದು.

"ಬಡಗಿ ಮಾವಂದು. ಅಪ್ಪ ಕೊಡ್ಬೇಕು."

ಅದು ಎರವಲು ತಂದದ್ದೆಂದು ತಾಯಿಗೆ ತಿಳಿದೇ ಇರಲಿಲ್ಲ. ಮೂವರೂ ಚಪ್ಪಲಿ ಮೆಟ್ಟಿ ಹೊರಟರು.

ಬೀದಿಯ ತಿರುವಿನ ಅಂಗಡಿಯಲ್ಲಿ ಬಡಗಿ ಉಜ್ಜುಗೊರಡು ಕೆಳಗಿಟ್ಟು ಎದ್ದು ನಿಂತ. ಚಿನ್ನಿಯ ಕಡೆ ನೋಡಿದ.

"ಈ ಮಗೂಗೆ ಏನೂ ತಿಳಿಯಲ್ಲ ನೋಡಮ್ಮ, ಒಂದು ಲೆಕ್ಕಕ್ಕೆ ಅದೇ ಪುಣ್ಯ."

"ತಿಳಿಯುತ್ತೆ ಅಣ್ಣ," ಎಂದಳು ತಾಯಿ. "ಇದು ನಿಮ್ದು ಅಂತ ನಮ್ಮನೇಲಿ ಗೊತ್ತಿದ್ದದ್ದು ಇವಳೊಬ್ಬಳಿಗೇ."

ರಸಮಟ್ಟವನ್ನು ಸೆರಗಿನಿಂದ ಒರೆಸಿ ಅವನ ಕೈಗಿತ್ತಳು.