ಆರಿದ ಅನ್ನ

ಇಪ್ಪತ್ತು ವರ್ಷ ಸರಕು ಹಡಗಿನಲ್ಲಿ ಅಡುಗೆ ಮಾಡಿ ಕಟಪಾಡಿಗೆ ಮರಳಿದ ಸ್ಟ್ಯಾನಿಸ್ಲಾಸ್ ಮನೆಯಲ್ಲಿ ಸೌಟು ಮುಟ್ಟಿದವರಲ್ಲ. ಹಡಗಿನಲ್ಲಿ ಅಪ್ಪ ಬರೀ ಪಾತ್ರೆ ತೊಳೆದಿರಬೇಕು ಎಂಬುದು ಮಗಳು ಶರೋನಳ ಗುಮಾನಿ. ಅದಕ್ಕೇ ಆ ಭಾನುವಾರ ಪೋರ್ಕ್ ಫ್ರೈಡ್ ರೈಸ್ ಮಾಡಿಕೊಡಿ ಎಂದು ಹಟ ಹಿಡಿದಳು.

ಹೆಂಡತಿ ಆಲಿಸ್ ಇಟ್ಟ ಬಿಸಿ ಅನ್ನವನ್ನು ಅವರು ಗೆರಸೆಯಲ್ಲಿ ಹರಡಿ, ಫ್ಯಾನಿನಡಿ ಇಟ್ಟು ಒಂದು ತಾಸು ಸುಮ್ಮನೆ ಕೂತರು.

"ಅನ್ನಕ್ಕೆ ಎಂತ ಜ್ವರವಾ, ಗಾಳಿ ಹಾಕ್ಲಿಕ್ಕೆ?" ಆಲಿಸ್ ನಕ್ಕಳು.

ಆಮೇಲೆ ಉರಿ ಎದ್ದಿತು. ಹಂದಿಮಾಂಸ ಅದರ ಕೊಬ್ಬಿನಲ್ಲೇ ಕೆಂಪಾಯಿತು. ಮೊಟ್ಟೆ, ಸೋಯಾ ಸಾಸ್, ಕೊನೆಗೆ ಆರಿ ಉದುರುದುರಾದ ಅನ್ನ. ಅವರು ಬಾಣಲೆ ಎತ್ತಿ ಚಿಮ್ಮಿಸಿದರು. ಅಷ್ಟೂ ಅನ್ನ ಗಾಳಿಗೇರಿ ಮರಳಿತು. ಒಂದು ಅಗುಳೂ ಹೊರಬೀಳಲಿಲ್ಲ.

ಶರೋನ್ ಅವರ ಕಾಲು ನೋಡಿದಳು. ಅಲುಗಾಡದ ನೆಲದ ಮೇಲೂ ಅಗಲವಾಗಿ ಊರಿ, ಹಡಗಿನಲ್ಲಿ ಅಲೆಗೆ ತೂಗುವ ಹಾಗೆಯೇ ತೂಗುತ್ತಿದ್ದವು. "ಇವತ್ತು ಪಾತ್ರೆ ನಾನು ತೊಳೀತೇನೆ ಅಪ್ಪ" ಎಂದಳು.